ವಾಪಸ್ ಹೋದ ಹೊಲಿಗೆ ಮೆಷಿನ್‌ಗಳನ್ನು ನಮ್ಮೂರಿಗೆ ಕಳಿಸಿ

ಚಿಕ್ಕಬಳ್ಳಾಪುರ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ,

ಮಾನ್ಯರೇ, ನಮಸ್ಕಾರ.

ನಾನು ಗೌರಿಬಿದನೂರು ತಾಲ್ಲೂಕಿನ ಹಳ್ಳಿಯವಳು, ಸ್ತ್ರೀಶಕ್ತಿ ಸಂಘದ ಸದಸ್ಯೆ. ನಮ್ಮ ಕಡೆ ಹೆಣ್ಣುಮಕ್ಕಳ ಪಾಡು ನಿಮಗೆ ಗೊತ್ತೇ ಇದೆ. ಬೆಳಕು ಹರಿಯುವ ಮುಂಚೆ ಗಾರ್ಮೆಂಟ್ಸ್ ವ್ಯಾನು ಬರುತ್ತದೆ. ದೊಡ್ಡಬಳ್ಳಾಪುರಕ್ಕೆ ಹೋದವರು ಮನೆ ಸೇರುವಷ್ಟರಲ್ಲಿ ರಾತ್ರಿ. ನನ್ನ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಚಿಕ್ಕ ಮಗು ಇದ್ದಾರೆ. ಬಿಟ್ಟು ಹೋಗುವ ಹಾಗಿಲ್ಲ. ಅದಕ್ಕೇ ಊರಲ್ಲೇ ಹೊಲಿಗೆ ತರಬೇತಿ ಅಂದಾಗ ಮೊದಲು ಹೆಸರು ಕೊಟ್ಟೆ.

ಕಲಿಸಿದ್ದು ಏನು ಗೊತ್ತಾ? ಹಳೇ ನ್ಯೂಸ್‌ಪೇಪರ್ ಮೇಲೆ ಬ್ಲೌಸ್ ಕಟಿಂಗ್. ಬಟ್ಟೆಗೆ ಕತ್ತರಿ ಹಾಕಲು ಬಿಡಲೇ ಇಲ್ಲ. ಓರೆಯಾಗಿ ಕತ್ತರಿಸುವ ಕ್ರಾಸ್ ಕಟ್‌ನಲ್ಲಿ ಬಟ್ಟೆ ಎಷ್ಟು ಹಿಗ್ಗುತ್ತದೆ ಅಂತ ಪೇಪರ್ ಹೇಳಿಕೊಡುತ್ತದಾ? ಇದ್ದ ಎರಡು ಹಳೇ ಮೆಷಿನ್‌ಗಳಿಗೆ ಎಲ್ಲರೂ ಸರದಿ ಕಾಯಬೇಕಿತ್ತು. ನನ್ನ ಸರದಿ ಬಂದರೆ ಬಾಬಿನ್ ದಾರ ಸುತ್ತುವಷ್ಟರಲ್ಲಿ ಹೊತ್ತು ಮುಗಿಯುತ್ತಿತ್ತು.

ಸಮಾರೋಪದ ದಿನ ಟೆಂಪೋದಲ್ಲಿ ಹೊಸ ಮೆಷಿನ್‌ಗಳು ಬಂದವು. ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ. ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡಿದೆವು. ತರಬೇತಿ ಕೊಟ್ಟ ಸಂಸ್ಥೆಯವರು ಒಬ್ಬೊಬ್ಬರನ್ನೂ ಮೆಷಿನ್ ಮುಂದೆ ಕೂರಿಸಿ ಫೋಟೊ ತೆಗೆದರು, ರಿಜಿಸ್ಟರ್‌ಗೆ ಸಹಿ ಹಾಕಿಸಿಕೊಂಡರು. ಅತಿಥಿಗಳ ಕಾರು ಊರು ದಾಟಿದ್ದೇ ತಡ, ಎಲ್ಲವನ್ನೂ ಅದೇ ಟೆಂಪೋಗೆ ಏರಿಸಿದರು. "ಇನ್ನೊಂದು ಊರಲ್ಲಿ ಪ್ರೋಗ್ರಾಂ ಇದೆಯಮ್ಮ, ಆಮೇಲೆ ಬರುತ್ತೆ" ಅಂದರು. ಪಕ್ಕದ ಮನೆ ಹುಡುಗಿ ರಾಗಿ ಮೂಟೆ ಸರಿಸಿ ಮೆಷಿನ್‌ಗೆ ಜಾಗ ಮಾಡಿಟ್ಟಿದ್ದಳು. ಇವತ್ತಿಗೂ ಬಂದಿಲ್ಲ. ನಾವು ಹಾಕಿದ ಸಹಿ ಯಾತಕ್ಕೆ? ಮೆಷಿನ್ ಮುಟ್ಟಿದೆ ಅಂತಲಾ? ಬಡವರ ಹೆಣ್ಣುಮಕ್ಕಳು ಕೇಳಲ್ಲ ಅಂದುಕೊಂಡರಾ?

ಕೇಳಲು ಹೋದ ಕಡೆಯೆಲ್ಲ ಇನ್ನೊಂದು ಕಡೆ ಕೈ ತೋರಿಸಿದರು. ವಿಶ್ವಕರ್ಮ ಯೋಜನೆಗೆ ಅರ್ಜಿ ಹಾಕಿ ಅಂದವರೂ ಇದ್ದಾರೆ. ಕೇಂದ್ರ ಸರ್ಕಾರ 2023ರಲ್ಲಿ ಶುರು ಮಾಡಿದ ಆ ಯೋಜನೆಯಲ್ಲಿ ಟೂಲ್‌ಕಿಟ್‌ಗೆ, ಅಂದರೆ ಕಸುಬಿನ ಸಾಮಾನಿಗೆ, 15,000 ರೂಪಾಯಿವರೆಗೆ ಸಿಗುತ್ತದೆ, ನಿಜ. ಆದರೆ ಅದು ಆಗಲೇ ಕಸುಬು ಮಾಡುತ್ತಿರುವ ದರ್ಜಿಗಳಿಗೆ. ನಿಯಮ ನಿಮಗೆ ಗೊತ್ತಲ್ವಾ? ಮೆಷಿನ್ನೇ ಇಲ್ಲದ ನಾನು ಕಸುಬಿದೆ ಅಂತ ಸುಳ್ಳು ಬರೆದುಕೊಡಬೇಕಾ?

ನಮಗೆ ಮೆಷಿನ್ ಕೊಡಿಸಿ. ಕಟಿಂಗ್ ಬಟ್ಟೆ ಮೇಲೆ ಕಲಿಸಲಿ, ಒಬ್ಬೊಬ್ಬರೂ ಒಂದು ಬ್ಲೌಸ್ ಪೂರ್ತಿ ಹೊಲಿದ ಮೇಲೇ ಸರ್ಟಿಫಿಕೇಟ್ ಕೊಡಲಿ. ವಿದ್ಯಾವಿಕಾಸ ಯೋಜನೆಯಲ್ಲಿ ಸರ್ಕಾರಿ ಶಾಲೆ ಮಕ್ಕಳಿಗೆ ಬರುವ ಸಮವಸ್ತ್ರದ ಬಟ್ಟೆಯನ್ನು ಹೊಲಿಸಲು ನಮ್ಮೂರಿನವರು ಪೇಟೆಗೆ ಹೋಗುತ್ತಾರೆ. ಆ ಕೆಲಸ ನಮ್ಮ ಸಂಘಕ್ಕೇ ಸಿಗಬಹುದು. ಅದಕ್ಕೂ ಮೆಷಿನ್ ಬೇಕು.

ಮೊದಲು ಆ ರಿಜಿಸ್ಟರ್ ತರಿಸಿ ನೋಡಿ. ಅದರಲ್ಲಿ ಯಾರ ಯಾರ ಸಹಿ ಇದೆಯೋ ಅವರ ಮನೆಗೆ ಮೆಷಿನ್ ಬರಲಿ.

ಇಂತಿ,
ಗೌರಿಬಿದನೂರು ತಾಲ್ಲೂಕಿನ ಒಬ್ಬ ಸ್ತ್ರೀಶಕ್ತಿ ಸಂಘದ ಸದಸ್ಯೆ