ಬಾಯಿಮಾತು ಸಾಲದು, ಅಪ್ಪಾಜಿ

ಶಿರಾಜ್, ಇರಾನ್

ಅಪ್ಪಾಜಿಗೆ, ಅವ್ವಗೆ ನಮಸ್ಕಾರಗಳು. ನಿಮ್ಮ ಪತ್ರ ಬಂತು. ನಾನು ಇಲ್ಲಿ ಆರಾಮಾಗಿದ್ದೇನೆ. ಟಿವಿ ನೋಡಿ ಅವ್ವ ಗಾಬರಿಯಾಗೋದು ಬೇಡ. ಹಾಸ್ಟೆಲ್ ಗೇಟು ರಾತ್ರಿ ಬೇಗ ಮುಚ್ಚುತ್ತದೆ, ಹೊರಗೆ ಹೋಗುವಾಗ ತಲೆಗೆ ಸ್ಕಾರ್ಫ್ ಹಾಕಿಕೊಳ್ಳುತ್ತೇನೆ, ಗದ್ದಲದ ಕಡೆ ಸುಳಿಯೋದೇ ಇಲ್ಲ. ನಿಜವಾಗಿ ಆರಾಮಾಗಿದ್ದೇನೆ.

ಆದರೆ ಪತ್ರದ ಕೊನೆಯ ಎರಡು ಸಾಲು ತಲೆಯಿಂದ ಹೋಗುತ್ತಿಲ್ಲ. ಕಾಕಾ ಸವಿತಾಗೆ ಹುಮನಾಬಾದಿನ ಸಂಬಂಧ ತಂದಿದ್ದಾರೆ, ಈ ವರ್ಷವೇ ಮದುವೆ ಆಗಬೇಕಂತೆ, ಬಿ.ಎಸ್ಸಿ. ವಿಷಯ ಎತ್ತಿದರೆ 'ಮದುವೆ ಆದ ಮೇಲೆ ನಾವೇ ಓದಿಸ್ತೀವಿ' ಅಂದರಂತೆ. ಹುಡುಗ ಒಳ್ಳೆಯವನೇ ಇರಬಹುದು, ಅವನ ಬಗ್ಗೆ ನನ್ನ ತಕರಾರಿಲ್ಲ. ನನಗೆ ಭಯ ಇರೋದು ಆ ಮಾತಿನ ಬಗ್ಗೆ.

ಮೊನ್ನೆ ನನ್ನ ರೂಮಿನ ಹುಡುಗಿಯ ಅಕ್ಕನ ಮದುವೆಗೆ ಹೋಗಿದ್ದೆ. ನೆಲದ ಮೇಲೆ ಬಟ್ಟೆ ಹಾಸಿ ಕನ್ನಡಿ, ಮೇಣದಬತ್ತಿ ಇಟ್ಟಿದ್ದರು. ಹುಡುಗ ಹುಡುಗಿಯ ತಲೆ ಮೇಲೆ ಹೆಂಗಸರು ಬಿಳಿ ಬಟ್ಟೆ ಹಿಡಿದು ಸಕ್ಕರೆ ಅಚ್ಚುಗಳನ್ನು ಒಂದಕ್ಕೊಂದು ಉಜ್ಜುತ್ತಾರೆ. ಒಪ್ಪಿಗೆ ಇದೆಯಾ ಅಂತ ಕೇಳಿದರೆ ಹುಡುಗಿ ಮಾತಾಡೋದಿಲ್ಲ. 'ಹೂ ಕೊಯ್ಯೋಕೆ ಹೋಗಿದ್ದಾಳೆ' ಅಂತ ಹೆಂಗಸರು ಕೂಗುತ್ತಾರೆ. ಎರಡನೇ ಸಲ 'ಪನ್ನೀರು ತರೋಕೆ ಹೋಗಿದ್ದಾಳೆ'. ಮೂರನೇ ಸಲ ಕೇಳಿದಾಗ 'ಅಪ್ಪ ಅಮ್ಮನ ಅಪ್ಪಣೆಯಿಂದ, ಹೂಂ' ಅಂದಳು. ಅವ್ವ ಇದ್ದಿದ್ದರೆ ಬಹಳ ಇಷ್ಟಪಡುತ್ತಿದ್ದಳು.

ಅದಕ್ಕೂ ಮುಂಚೆ ನಡೆದದ್ದನ್ನು ನೀವು ಕೇಳಬೇಕು, ಅಪ್ಪಾಜಿ. ರಿಜಿಸ್ಟರಿನಲ್ಲಿ ಷರತ್ತುಗಳನ್ನು ಬರೆದಿದ್ದರು. ಹುಡುಗಿ ಎಂ.ಎ. ಮುಗಿಸಬಹುದು, ಕೆಲಸಕ್ಕೆ ಹೋಗಬಹುದು, ಪಾಸ್‌ಪೋರ್ಟಿಗೆ ಗಂಡನ ಅಡ್ಡಿ ಇರಬಾರದು. ಇಲ್ಲಿ ಮದುವೆಯಾದ ಹೆಂಗಸಿಗೆ ಗಂಡ ಒಪ್ಪದೆ ಪಾಸ್‌ಪೋರ್ಟ್ ಸಿಗೋದಿಲ್ಲ. ಒಂದೊಂದರ ಕೆಳಗೂ ಹುಡುಗ ಸಹಿ ಹಾಕಿದ. ಇದನ್ನೆಲ್ಲ ಮುಂದೆ ನಿಂತು ಬರೆಸಿದವರು ಹುಡುಗಿಯ ಅಪ್ಪ.

ಯಾಕೆ ಇಷ್ಟು ಬಿಗಿ ಅಂತ ನನಗೀಗ ಅರ್ಥವಾಗಿದೆ. ಇಲ್ಲಿ ಹೆಂಗಸರಿಗೆ ಕೊಟ್ಟಿದ್ದರಲ್ಲಿ ಎಷ್ಟನ್ನೋ ಒಂದಲ್ಲ ಒಂದು ದಿನ ಕಿತ್ತುಕೊಂಡಿದ್ದಾರೆ. 1936ರಲ್ಲಿ ಆಗಿನ ರಾಜ ರೆಜಾ ಶಾ ಬುರ್ಖಾ ಹಾಕಬಾರದು ಅಂದ. ಪೊಲೀಸರು ಬೀದಿಯಲ್ಲಿ ಎಳೆದು ತೆಗೆಸಿದರು, ಎಷ್ಟೋ ಹೆಂಗಸರು ಮನೆಯಿಂದ ಹೊರಗೆ ಬರೋದನ್ನೇ ಬಿಟ್ಟರು. 1979ರ ಇಸ್ಲಾಮಿಕ್ ಕ್ರಾಂತಿಯಾದ ಮೇಲೆ ತಲೆ ಮುಚ್ಚಲೇಬೇಕು ಅಂತಾಯಿತು. ಆ ವರ್ಷದ ಮಾರ್ಚ್ 8ರಂದು ಸಾವಿರಾರು ಹೆಂಗಸರು ತೆಹ್ರಾನಿನ ಬೀದಿಗಿಳಿದರು. ಸರ್ಕಾರ ಸ್ವಲ್ಪ ಕಾಲ ಹಿಂದೆ ಸರಿದರೂ ಕೊನೆಗೆ ಅದೇ ಕಡ್ಡಾಯವಾಯಿತು. ಎರಡೂ ಸಲ ಅವರನ್ನು ಕೇಳಿದವರು ಯಾರೂ ಇಲ್ಲ.

ಶಿರೀನ್ ಎಬಾದಿ ಹೆಸರು ಕೇಳಿದ್ದೀರಲ್ವಾ? ಜಡ್ಜ್ ಆಗಿದ್ದವರು. ಕ್ರಾಂತಿಯಾದ ಮೇಲೆ, ಹೆಂಗಸರು ತೀರ್ಪು ಕೊಡಬಾರದು ಅಂತ ಅವರನ್ನು ಅದೇ ಕೋರ್ಟಿನಲ್ಲಿ ಗುಮಾಸ್ತೆಯಾಗಿ ಕೂರಿಸಿದರು. 2003ರಲ್ಲಿ ಅವರಿಗೆ ನೊಬೆಲ್ ಶಾಂತಿ ಬಹುಮಾನ ಬಂತು, ಆದರೆ ಆ ಕುರ್ಚಿ ಮತ್ತೆ ಸಿಗಲಿಲ್ಲ. ಹುಡುಗಿಯರ ಮದುವೆ ವಯಸ್ಸನ್ನು ರೆಜಾ ಶಾನ ಮಗ ರಾಜನಾಗಿದ್ದ ಕಾಲದಲ್ಲಿ 18 ಮಾಡಿದ್ದರು. ಕ್ರಾಂತಿಯ ನಂತರ 9ಕ್ಕೆ ಇಳಿಸಿದರು. ಅದನ್ನು 13ಕ್ಕೆ ತರೋಕೆ 2002ರವರೆಗೆ ಗುದ್ದಾಡಬೇಕಾಯಿತು. ಮಹ್ಸಾ ಅಮೀನಿ, ಆ ಕುರ್ದಿಷ್ ಹುಡುಗಿ, 2022ರಲ್ಲಿ ಪೊಲೀಸ್ ವಶದಲ್ಲಿದ್ದಾಗ ತೀರಿಹೋದಳು. ಸ್ಕಾರ್ಫ್ ಸರಿಯಾಗಿ ಹಾಕಿಲ್ಲ ಅಂತ ಹಿಡಿದಿದ್ದರು. 22 ವರ್ಷ, ನಮ್ಮ ಸವಿತಾಗಿಂತ ಎರಡೇ ವರ್ಷ ದೊಡ್ಡವಳು. ಬರೆಯುವಾಗ ಕೈ ನಡುಗುತ್ತದೆ.

ಇಷ್ಟಾದರೂ ಇಲ್ಲಿಯ ಹುಡುಗಿಯರು ಓದು ಬಿಟ್ಟಿಲ್ಲ. ಒಂದು ಕಾಲಕ್ಕೆ ವಿಶ್ವವಿದ್ಯಾಲಯ ಸೇರುವವರಲ್ಲಿ ಹುಡುಗರಿಗಿಂತ ಅವರೇ ಜಾಸ್ತಿಯಾಗಿದ್ದರು. 2012ರಲ್ಲಿ ಎಷ್ಟೋ ಕೋರ್ಸುಗಳನ್ನು ಅವರಿಗೆ ಮುಚ್ಚಿದರೂ ಅವರ ಓದು ನಿಲ್ಲಲಿಲ್ಲ. ಗಣಿತದಲ್ಲಿ ಫೀಲ್ಡ್ಸ್ ಪದಕ ಪಡೆದ ಮೊದಲ ಹೆಂಗಸು ಈ ನೆಲದ ಮರಿಯಮ್ ಮಿರ್ಜಾಖಾನಿ, 2014ರಲ್ಲಿ. ಹಳೆಯ ಪರ್ಷಿಯನ್ ರಾಜರ ರಾಜಧಾನಿ ಪರ್ಸೆಪೊಲಿಸ್ ನಮ್ಮ ಹಾಸ್ಟೆಲಿನಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಅಲ್ಲಿ ಸಿಕ್ಕ 2500 ವರ್ಷ ಹಳೆಯ ಮಣ್ಣಿನ ಹಲಗೆಗಳಲ್ಲಿ ಕೆಲಸದ ಹೆಂಗಸರಿಗೆ ಕೊಟ್ಟ ಧಾನ್ಯದ ಲೆಕ್ಕ ಇದೆ. ಬಾಣಂತಿಗೆ ಹೆಚ್ಚಿಗೆ ಕೊಡುತ್ತಿದ್ದರಂತೆ. ಗಂಡು ಹೆತ್ತರೆ ಮಾತ್ರ ಹೆಣ್ಣು ಹೆತ್ತವಳ ಎರಡು ಪಟ್ಟು. ಅದನ್ನು ಓದಿ ಸಿಟ್ಟು ಬಂತು. ಆದರೂ ಬರೆದಿಟ್ಟಿದ್ದಕ್ಕೇ ಅಲ್ವಾ ಇವತ್ತು ನಮಗೆ ಗೊತ್ತಾಗಿದ್ದು?

ಬೀದರ್ ಅಂದರೆ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. 'ನಿಮ್ಮ ಇರಾನಿನ ಗೀಲಾನಿನಿಂದ ಬಂದ, ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನನೇ ನಮ್ಮೂರಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ್ದು' ಅಂತ ಹೇಳಿ ಫೋಟೋ ತೋರಿಸಿದೆ. ಈಗ ಮೇಷ್ಟ್ರು ಕೂಡ ನನ್ನನ್ನು ಬೀದರಿ ಅಂತಲೇ ಕರೀತಾರೆ.

ಅಪ್ಪಾಜಿ, ನನ್ನದು ಒಂದೇ ಮಾತು. ಸವಿತಾಳ ಡಿಗ್ರಿ ಮುಗಿಯುವವರೆಗೆ ಮದುವೆ ಮುಂದೆ ಹಾಕಿ. ಅವರು ಕಾಯೋದಿಲ್ಲ ಅಂದರೆ ನಿಶ್ಚಯದ ದಿನ ಹಿರಿಯರ ಎದುರೇ, ಓದು ನಿಲ್ಲಿಸೋದಿಲ್ಲ ಅಂತ ಕಾಗದದ ಮೇಲೆ ಬರೆದು ಹುಡುಗ ಸಹಿ ಹಾಕಲಿ. ಓದಿಸುವ ಮನಸ್ಸಿದ್ದವನಿಗೆ ಸಹಿ ಏನು ಭಾರ? ಕಾಕಾಗೆ ಬೇಜಾರಾದರೆ ನಾನೇ ಫೋನಿನಲ್ಲಿ ಮಾತಾಡ್ತೀನಿ. ಎಲ್ಲಕ್ಕೂ ಮುಂಚೆ ಸವಿತಾಳನ್ನು ಕೇಳಿ. ನಿಮ್ಮ ಪತ್ರದಲ್ಲಿ ಅವಳು ಏನಂದಳು ಅಂತಲೇ ಇಲ್ಲ.

ನನ್ನ ಫೀಸಿನ ಚಿಂತೆಯಿಂದ ಈ ಅವಸರ ಮಾಡುತ್ತಿದ್ದರೆ ದಯವಿಟ್ಟು ಬೇಡ. ಇಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡೋಕೆ ಎರಡು ಮನೆಯವರು ಕೇಳಿದ್ದಾರೆ. ಮುಂದಿನ ತಿಂಗಳಿಂದ ಕಡಿಮೆ ದುಡ್ಡು ಕಳಿಸಿದರೂ ನಡೆಯುತ್ತದೆ. ನನ್ನ ಬಗ್ಗೆ ಒಂದಿಷ್ಟೂ ಯೋಚನೆ ಮಾಡಬೇಡಿ, ತಪ್ಪದೆ ಊಟ ಮಾಡ್ತೀನಿ, ನೆಗಡಿ ಕೂಡ ಇಲ್ಲ.

ಹೈದರಾಬಾದಿನ ಹುಡುಗ ಊರಿಗೆ ಹೊರಟಿದ್ದಾನೆ, ಕೆಳಗೆ ಟ್ಯಾಕ್ಸಿ ಬಂದಿದೆ. ಪಿಸ್ತಾ, ಕೇಸರಿ ಅವನ ಕೈಯಲ್ಲಿ ಕಳಿಸಿದ್ದೇನೆ. ಕೇಸರಿ ಅಜ್ಜಿಗೆ. ನಿಶ್ಚಯಕ್ಕೆ ಹೂಂ ಅನ್ನೋ ಮೊದಲು ನನಗೆ ಫೋನ್ ಮಾಡಿ.

ನಿಮ್ಮ ಮಗಳು
ಗೀತಾ