‘ಸಿನಿಮಾ ನೋಡಿದ್ದೀರಾ?’ ಅಂತ ಒಂದು ಸಲ ಕೇಳಿ

ದಾವಣಗೆರೆಯ ಮಾನ್ಯ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ. ನಾನು ಈ ಊರಿನ ಒಂದು ಥಿಯೇಟರ್‌ನಲ್ಲಿ 31 ವರ್ಷ ಆಪರೇಟರ್ ಆಗಿದ್ದವನು. ಕಾರ್ಬನ್ ಕಡ್ಡಿ ಉರಿಸಿ ರೀಲು ಓಡಿಸುತ್ತಿದ್ದ ಕಾಲದಿಂದ ಡಿಜಿಟಲ್ ಬರುವವರೆಗೂ ಆ ಸೆಕೆಯ ಕೋಣೆಯಲ್ಲೇ ಇದ್ದೆ. ಅಲ್ಲಿನ ಕಿಂಡಿಯಿಂದ ಪರದೆಯ ಜೊತೆಗೆ ಜನರ ತಲೆಗಳೂ ಕಾಣುತ್ತವೆ. ಒಂದೇ ಸಿನಿಮಾ ನೂರು ಸಲ ಓಡಿಸುವವನು ಪರದೆಯನ್ನು ಎಷ್ಟು ಅಂತ ನೋಡುತ್ತಾನೆ? ತಲೆಗಳನ್ನೇ ನೋಡುತ್ತಿದ್ದೆ. ಯಾವ ಮಾತಿಗೆ ಗಾಂಧಿ ಕ್ಲಾಸು ನಕ್ಕಿತು, ಯಾವ ಮಾತಿಗೆ ಬಾಲ್ಕನಿ ತಣ್ಣಗಾಯಿತು ಅಂತ ನನಗೆ ಗೊತ್ತು. ಆ ಧೈರ್ಯದ ಮೇಲೆ ಈ ಪತ್ರ.

ದೇವರನ್ನು ಇಟ್ಟುಕೊಂಡು ತಮಾಷೆ ಮಾಡುವ ಸಿನಿಮಾ ಬಂದರೆ, ಅದನ್ನು ನಿಲ್ಲಿಸಿ ಅಂತ ಯಾರಾದರೂ ನಿಮ್ಮ ಕಚೇರಿಗೆ ಮನವಿ ತರುತ್ತಾರೆ. ಮನವಿ ತಗೊಳ್ಳಬೇಡಿ ಅಂತ ನಾನು ಹೇಳುವುದಿಲ್ಲ. ತಗೊಳ್ಳುವ ಮುಂಚೆ ‘ಸಿನಿಮಾ ನೋಡಿದ್ದೀರಾ?’ ಅಂತ ಒಂದು ಮಾತು ಕೇಳಿ. ಅಷ್ಟೇ.

ನೋಡಿದ ಮೇಲೂ ಏನಾಗಬಹುದು ಅನ್ನುವುದಕ್ಕೆ ಒಂದು ಕಥೆ ಇದೆ. ದೇವರು ಭೂಮಿಗೆ ಬಂದು ತನ್ನದೇ ಗುಡಿಯಲ್ಲಿ ಕ್ಯೂ ನಿಲ್ಲುವ ಒಂದು ಕಾಮಿಡಿ ನಮ್ಮಲ್ಲಿ ಓಡುತ್ತಿತ್ತು. ಏಳೆಂಟು ಜನ ಗಲಾಟೆ ಮಾಡಲು ಬಂದರು. ನಮ್ಮ ಮಾಲೀಕರು ಜಾಣರು. ‘ಮೊದಲು ನೋಡಿ, ಆಮೇಲೆ ಮಾತಾಡೋಣ’ ಅಂತ ಬಾಲ್ಕನಿಯಲ್ಲಿ ಪುಕ್ಕಟೆ ಕೂರಿಸಿದರು. ನಾನು ಕಿಂಡಿಯಿಂದ ಅವರನ್ನೇ ನೋಡುತ್ತಿದ್ದೆ. ಎಲ್ಲರೂ ನಕ್ಕರು. ಒಬ್ಬರಂತೂ ಮುಂದಿನ ಸೀಟು ಕುಟ್ಟಿ ಕುಟ್ಟಿ ನಕ್ಕರು. ಆಟ ಮುಗಿದ ಮೇಲೆ ಟೀ ಕುಡಿದು ಸೀದಾ ಹೋಗಿ ಮನವಿ ಕೊಟ್ಟರು! ಯಾಕೆ ಅಂದರೆ, ಪೇಪರ್‌ನವರಿಗೆ ಹಿಂದಿನ ದಿನವೇ ಹೇಳಿಯಾಗಿತ್ತಂತೆ. ಕುರ್ಚಿ, ಗಾಜು ಉಳಿದರೆ ಸಾಕು ಅಂತ ಮಾಲೀಕರು ಸಿನಿಮಾ ಎತ್ತಿದರು. ನಕ್ಕವರ ಮನಸ್ಸಿಗೆ ನೋವಾಗಿದೆ ಅಂತ ಸರ್ಕಾರಿ ಕಡತದಲ್ಲಿ ಸೇರಿಹೋಯಿತು.

ನೀವು ಬೇರೆ ಜಿಲ್ಲೆಯಿಂದ ಬಂದವರಾದರೆ ನಮ್ಮ ಕಡೆಯ ಜೋಕುಮಾರನನ್ನು ಒಮ್ಮೆ ನೋಡಬೇಕು. ಗಣಪತಿ ಹಬ್ಬ ಆದ ಮೇಲೆ, ಭಾದ್ರಪದದ ಅಷ್ಟಮಿಗೆ ಹುಟ್ಟಿ ಏಳೇ ದಿನ ಬದುಕುವ ದೇವರು ಅವನು. ಬಿದಿರು ಬುಟ್ಟಿಯಲ್ಲಿ, ಬೇವಿನ ಸೊಪ್ಪಿನ ನಡುವೆ ಅವನನ್ನು ಕೂರಿಸಿಕೊಂಡು ಹೆಂಗಸರು ಮನೆಮನೆಗೆ ಬರುತ್ತಾರೆ. ಬಾಯಿಗೆ ಬೆಣ್ಣೆ ಮೆತ್ತಿರುತ್ತಾರೆ. ಅವನ ಪೋಲಿತನದ ಮೇಲೆ ಕಟ್ಟಿದ ಹಾಡು ಹೇಳುತ್ತಾರೆ. ಆ ಹಾಡನ್ನು ಸೆನ್ಸಾರ್‌ನವರ ಮುಂದೆ ಇಟ್ಟರೆ ಅರ್ಧವೂ ಉಳಿಯುವುದಿಲ್ಲ. ನನ್ನಜ್ಜಿ ಮೊರದಲ್ಲಿ ಜೋಳ ತಂದು ಸುರಿಯುತ್ತಾ, ಹಾಡಿಗೆ ಸೆರಗು ಬಾಯಿಗೆ ಒತ್ತಿ ನಗುತ್ತಾ, ಅದೇ ಉಸಿರಿನಲ್ಲಿ ಕೈ ಮುಗಿಯುತ್ತಿದ್ದಳು. ಯಾಕೆ ಅಂದರೆ ಮಳೆ ಇಲ್ಲ, ಬೆಳೆ ಇಲ್ಲ, ಜನ ಕಷ್ಟದಲ್ಲಿದ್ದಾರೆ ಅಂತ ಮೇಲೆ ಹೋಗಿ ಶಿವನಿಗೆ ಹೇಳುವವನು ಈ ಪೋಲಿಯೇ. ಗಣಪ ಕಡುಬು ತಿಂದು ‘ಎಲ್ಲಾ ಸುಖವಾಗಿದ್ದಾರೆ’ ಅಂತ ವರದಿ ಒಪ್ಪಿಸಿಬಿಡುತ್ತಾನೆ ಅಂತ ನಮ್ಮ ರೈತರ ದೂರು. (ವರದಿಗಳ ವಿಷಯ ನಿಮಗೆ ನಾನು ಹೇಳಬೇಕಾ?)

ದೇವರನ್ನು ಬೈಯುತ್ತಲೇ ಹೊಗಳುವ ದಾಸರ ನಿಂದಾಸ್ತುತಿ, ಕಂಪನಿ ನಾಟಕದ ಪೆದ್ದ ಯಮ, ಇವನ್ನೆಲ್ಲ ವಿವರಿಸಿ ನಿಮ್ಮ ಹೊತ್ತು ತಿನ್ನುವುದಿಲ್ಲ.

ಹಾಗಂತ ಕಾಮಿಡಿಯವರು ಮಾಡುವುದೆಲ್ಲ ಸರಿ ಅಂತ ನಾನು ವಕಾಲತ್ತು ಹಾಕುತ್ತಿಲ್ಲ. ನನಗೂ ಸಿಟ್ಟಿದೆ. ಅದು ದೇವರ ಪರವಾಗಿ ಅಲ್ಲ. ಎರಡು ವರ್ಷಕ್ಕೊಮ್ಮೆ ನಮ್ಮ ದುಗ್ಗಮ್ಮನ ಜಾತ್ರೆಯಲ್ಲಿ ಬೇವಿನ ಉಡುಗೆಯ ಹರಕೆ ತೀರಿಸುವ ಹೆಂಗಸರನ್ನು ನೀವು ನೋಡಿರುತ್ತೀರಿ. ಒಂದು ಸಿನಿಮಾದಲ್ಲಿ ಹಾಗೆ ಬೇವು ಸುತ್ತಿಕೊಂಡ ಹೆಂಗಸಿನ ಹಿಂದೆ ಒಂದು ಮೇಕೆ ಬಿಟ್ಟಿದ್ದರು. ಮೇಕೆ ಸೊಪ್ಪು ಎಳೆಯುತ್ತದೆ, ಅವಳು ಕಿರುಚಿ ಓಡುತ್ತಾಳೆ. ಥಿಯೇಟರ್ ಬಿದ್ದು ಬಿದ್ದು ನಕ್ಕಿತು. ಅವತ್ತು ನಮ್ಮವ್ವನನ್ನು ಪಾಸಿನ ಮೇಲೆ ಕರೆತಂದಿದ್ದೆ. ಮನೆಗೆ ಹೋಗುವ ದಾರಿಯಲ್ಲಿ ಒಂದೇ ಮಾತು ಕೇಳಿದಳು: ‘ಅವಳು ಯಾರಿಗೋಸ್ಕರ ಹರಕೆ ಹೊತ್ತಿದ್ಲು ಅಂತ ತೋರಿಸ್ಲೇ ಇಲ್ವಲ್ಲೋ?’

ನಮ್ಮವ್ವ ಬೇವು ಉಟ್ಟಿದ್ದು ನನಗೋಸ್ಕರ. ನಾನು ಎರಡು ವರ್ಷದವನಿದ್ದಾಗ ಮೈತುಂಬಾ ಅಮ್ಮ ಎದ್ದಿತ್ತಂತೆ.

ದೇವರು ಕ್ಯೂನಲ್ಲಿ ನಿಂತರೆ ದೇವರಿಗೇನೂ ಆಗುವುದಿಲ್ಲ. ಬೇರೆ ದಾರಿಯೇ ಕಾಣದೆ ಕೈ ಮುಗಿದವಳನ್ನು ನೋಡಿ ನಕ್ಕರೆ ಅವಳಿಗೆ ಚುಚ್ಚುತ್ತದೆ. ಆದರೆ ಆ ಮೇಕೆ ಸೀನಿಗೆ ಯಾರೂ ಮನವಿ ಬರೆಯಲಿಲ್ಲ. ಬರೆದಿದ್ದರೂ ನಿಲ್ಲಿಸಿ ಅಂತ ನಾನು ಹೇಳುತ್ತಿರಲಿಲ್ಲ, ಆ ಮಾತು ಬೇರೆ. ‘ಈ ಸೀನು ಚೆನ್ನಾಗಿಲ್ಲ’ ಅಂತ ಡೈರೆಕ್ಟರ್‌ಗೆ ಹೇಳಬೇಕಾದವರು ನೋಡಿದ ಜನ.

ಇನ್ನು ಕಾನೂನು. 1964ರ ಕರ್ನಾಟಕ ಸಿನಿಮಾ ಕಾಯ್ದೆಯಂತೆ ಥಿಯೇಟರ್ ಲೈಸೆನ್ಸು ನಿಮ್ಮ ಕೈಯಲ್ಲಿದೆ. ಅದಕ್ಕೇ ನಿಮ್ಮ ಕಚೇರಿಯ ಗುಮಾಸ್ತರೊಬ್ಬರು ಫೋನ್ ಮಾಡಿ ‘ಎರಡು ದಿನ ನಿಲ್ಲಿಸಿದರೆ ಒಳ್ಳೇದು’ ಅಂದರೂ ಮಾಲೀಕರಿಗೆ ಅದು ಆದೇಶವೇ. ಆದರೆ ಸಿನಿಮಾ ಯೋಗ್ಯವೋ ಅಲ್ಲವೋ ಅಂತ ನೋಡುವುದು 1952ರ ಕಾಯ್ದೆಯಂತೆ ಕೇಂದ್ರದ ಸೆನ್ಸಾರ್ ಮಂಡಳಿ. ಅವರೇನೂ ಕಣ್ಣು ಮುಚ್ಚಿ ಸಹಿ ಹಾಕುವವರಲ್ಲ. 2023ರಲ್ಲಿ ‘ಓ ಮೈ ಗಾಡ್ 2’ ಅವರ ಕೈಗೆ ಹೋದಾಗ, ಶಿವನ ಪಾತ್ರ ಶಿವನ ದೂತ ಆಗಿ ಹೊರಬಂತು. ಸಿಕ್ಕಿದ್ದು ‘ಎ’ ಸರ್ಟಿಫಿಕೇಟ್. ಶಾಲೆಯ ಮಕ್ಕಳಿಗೆ ಲೈಂಗಿಕ ಶಿಕ್ಷಣ ಬೇಕು ಅನ್ನುವ ಸಿನಿಮಾವನ್ನು ಶಾಲೆಯ ಮಕ್ಕಳೇ ನೋಡುವ ಹಾಗಿಲ್ಲ! ಇದಕ್ಕಿಂತ ಒಳ್ಳೆ ಕಾಮಿಡಿ ಆ ಸಿನಿಮಾದಲ್ಲೂ ಇರಲಿಲ್ಲ.

ಇಷ್ಟು ಜರಡಿ ದಾಟಿ ಬಂದದ್ದನ್ನು ಇಲ್ಲಿ ಮತ್ತೆ ಯಾಕೆ ಜರಡಿ ಹಿಡಿಯಬೇಕು? 1989ರಲ್ಲಿ, ಒಂದು ತಮಿಳು ಸಿನಿಮಾದ ಮೇಲಿನ ರಂಗರಾಜನ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿದೆ. ಗಲಾಟೆ ಆಗುತ್ತದೆ ಅನ್ನುವ ಬೆದರಿಕೆಗೆ ಮಣಿದು ಮಾತಿನ ಸ್ವಾತಂತ್ರ್ಯ ಅಡಗಿಸುವ ಹಾಗಿಲ್ಲ, ಅದನ್ನು ಕಾಪಾಡುವುದು ಸರ್ಕಾರದ ಹೊಣೆ ಅಂತ. 2014ರಲ್ಲಿ ‘ಪಿಕೆ’ ಅನ್ನುವ ಹಿಂದಿ ಸಿನಿಮಾದ ವಿರುದ್ಧ ಹೋದವರಿಗೆ ಅದೇ ಕೋರ್ಟು, ಇಷ್ಟ ಇಲ್ಲದಿದ್ದರೆ ನೋಡಬೇಡಿ ಅಂದಿತು.

ಆದ್ದರಿಂದ ಆ ಫೋನ್ ಹೋಗದಂತೆ ನೋಡಿಕೊಳ್ಳಿ. ಗೇಟಿನ ಹತ್ತಿರ ಇಬ್ಬರು ಪೊಲೀಸರನ್ನು ನಿಲ್ಲಿಸಿ. ಇನ್ನು ಮನವಿ ತಂದವರು ‘ಇಲ್ಲ, ನೋಡಿಲ್ಲ’ ಅಂದರೆ ನನ್ನ ಹತ್ತಿರ ಕಳಿಸಿ. ನಾನೀಗ ರಿಟೈರ್ಡು, ಹೊತ್ತು ಬೇಕಾದಷ್ಟಿದೆ. ಎಲ್ಲರ ಜೊತೆ ಕೂತು ನೋಡುತ್ತೇನೆ. ಟಿಕೆಟ್ ನನ್ನದು. ಇಂಟರ್‌ವಲ್‌ನ ಮಿರ್ಚಿ ಮಂಡಕ್ಕಿ ಅವರದು.

ಇಂತಿ,
ದಾವಣಗೆರೆಯ ಒಬ್ಬ ಹಳೇ ಆಪರೇಟರ್