ತತ್ವಶಾಸ್ತ್ರದ ತರಗತಿಗೆ ಅರಿವಿನ ವಿಜ್ಞಾನವೂ ಬರಲಿ

ಮಾನ್ಯ ಸಂಪಾದಕರೇ,

ಪದವಿ ತರಗತಿಗಳಲ್ಲಿ ತತ್ವಶಾಸ್ತ್ರವನ್ನು ದಾರ್ಶನಿಕರ ಹೆಸರು ಮತ್ತು ಮತಗಳ ಪಟ್ಟಿಯಂತೆಯೂ, ಮನಶ್ಶಾಸ್ತ್ರವನ್ನು ಅದಕ್ಕೆ ನಂಟೇ ಇಲ್ಲದ ವಿಷಯವೆಂಬಂತೆಯೂ ಕಲಿಸುವ ರೂಢಿ ಇನ್ನೂ ಉಳಿದಿದೆ. ನೋಟ, ನೆನಪು, ಕಲಿಕೆಗಳು ಮನಸ್ಸಿನಲ್ಲಿ ಹೇಗೆ ನಡೆಯುತ್ತವೆಂದು ಪರೀಕ್ಷಿಸುವ ಅರಿವಿನ ವಿಜ್ಞಾನ (ಕಾಗ್ನಿಟಿವ್ ಸೈನ್ಸ್) ಇವೆರಡನ್ನೂ ಬೆಸೆಯಬಲ್ಲದು; ಒಂದು ಉದಾಹರಣೆ ನೋಡಿ.

ಹುಟ್ಟುಗುರುಡನೊಬ್ಬ ಗೋಳ ಮತ್ತು ಘನಗಳನ್ನು ಮುಟ್ಟಿ ಗುರುತಿಸಲು ಕಲಿತಿದ್ದು, ಮುಂದೆ ದೃಷ್ಟಿ ಬಂದಾಗ ಮುಟ್ಟದೆ ಬರಿ ನೋಟದಿಂದಲೇ ಅವನ್ನು ಬೇರ್ಪಡಿಸಿ ಹೇಳಬಲ್ಲನೇ ಎಂದು ಐರಿಶ್ ಚಿಂತಕ ವಿಲಿಯಂ ಮಾಲಿನೋ 17ನೆಯ ಶತಮಾನದಲ್ಲಿ ಕೇಳಿದ್ದರು. ಇಂಗ್ಲಿಷ್ ದಾರ್ಶನಿಕ ಜಾನ್ ಲಾಕ್ ಸಾಧ್ಯವಿಲ್ಲವೆಂದರು. ಈ ವಾದಕ್ಕೆ ಪ್ರಯೋಗದ ಉತ್ತರ 2011ರಲ್ಲಿ ಪ್ರಕಟವಾಯಿತು, ಅದೂ ಭಾರತದಿಂದಲೇ: 'ಪ್ರಾಜೆಕ್ಟ್ ಪ್ರಕಾಶ್' ಅಡಿ ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಪಡೆದ ಮಕ್ಕಳು ಮುಟ್ಟಿದ ವಸ್ತುವನ್ನು ನೋಟದಿಂದ ಕೂಡಲೇ ಗುರುತಿಸಲಾಗದೆ, ಕೆಲವೇ ದಿನಗಳಲ್ಲಿ ಆ ಶಕ್ತಿಯನ್ನು ಗಳಿಸಿಕೊಂಡರು. ಪ್ರತ್ಯಕ್ಷವು (ಇಂದ್ರಿಯಗಳಿಂದ ನೇರವಾಗಿ ಬರುವ ಅರಿವು) ಕಲ್ಪನಾರಹಿತ, ಎಂದರೆ ಹೆಸರು, ಜಾತಿಗಳ ಬೆರಕೆಯಿಲ್ಲದ್ದು ಎಂದ ಬೌದ್ಧ ತಾರ್ಕಿಕ ದಿಙ್ನಾಗನಿಗೂ, ಸವಿಕಲ್ಪಕವೂ (ಹೆಸರು, ಜಾತಿ ಸಹಿತ ಗುರುತಿಸುವ ಅರಿವು) ಪ್ರತ್ಯಕ್ಷವೇ ಎಂದ ನ್ಯಾಯ ದರ್ಶನದ ನೈಯಾಯಿಕರಿಗೂ ನಡೆದ ಜಗಳವನ್ನು ಇದರ ಪಕ್ಕದಲ್ಲಿಟ್ಟು ಓದಿಸಿದರೆ, ಜಗಳೂರು, ಚಳ್ಳಕೆರೆಗಳಿಂದ ಬರುವ ಕನ್ನಡ ಮಾಧ್ಯಮದ ವಿದ್ಯಾರ್ಥಿಗೂ ಅದು ಸತ್ತ ವಾದವೆನಿಸದು. (ಗೈಡು ನೋಡಿ ಬರೆಯುವ ಉತ್ತರಗಳಿಗೆ ಇಲ್ಲಿ ಜಾಗವಿರುವುದಿಲ್ಲ ಎಂಬುದು ಬೋನಸ್ಸು.)

ಕಲಿಸುವವರು ಯಾರು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಹೊಸ ವಿಭಾಗವೇ ಬೇಕೆಂದು ನಾನು ಹೇಳುತ್ತಿಲ್ಲ. ತತ್ವಶಾಸ್ತ್ರ, ಮನಶ್ಶಾಸ್ತ್ರ, ಗಣಕ ವಿಜ್ಞಾನ ಬಲ್ಲ ಅಧ್ಯಾಪಕರು ಒಂದೇ ಕೊಠಡಿಯಲ್ಲಿ ಸೇರಿ ನಡೆಸುವ ಒಂದು ಐಚ್ಛಿಕ ಪತ್ರಿಕೆ ಸಾಕು. ತೋಳಹುಣಸೆಯ ಶಿವಗಂಗೋತ್ರಿಯಲ್ಲಿರುವ ದಾವಣಗೆರೆ ವಿಶ್ವವಿದ್ಯಾಲಯವು ಮುಂದಿನ ಪಠ್ಯಕ್ರಮ ಪರಿಷ್ಕರಣೆಯಲ್ಲಿ ಇದನ್ನು ಪರಿಶೀಲಿಸಲಿ, ಪಾಠ ಟಿಪ್ಪಣಿಗಳನ್ನು ಕನ್ನಡದಲ್ಲೇ ಸಿದ್ಧಪಡಿಸಲಿ ಎಂದು ಕೋರುತ್ತೇನೆ.

– ನಿವೃತ್ತ ಉಪನ್ಯಾಸಕ, ಚಿತ್ರದುರ್ಗ